ಟ್ರ್ಯಾಕ್‌ಗಳೇ ಇಲ್ಲದ ಟೈಮ್‌ಲೈನ್‌ನಲ್ಲಿ ಗಟ್ಟಿಮೇಳವನ್ನು ಎಲ್ಲಿ ನಿಲ್ಲಿಸುವುದು?

ತುಮಕೂರು ಎಡಿಟರ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆಯ ಒಂದು ಸ್ಟುಡಿಯೊದಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ನನ್ನ ಕೆಲಸ. ಕೆಲಸ ಕಲಿತದ್ದು, ಇಷ್ಟು ವರ್ಷ ಸಂಸಾರ ಸಾಗಿಸಿದ್ದು ಎಲ್ಲವೂ ಆಪಲ್ ಕಂಪನಿಯ ಎಡಿಟಿಂಗ್ ತಂತ್ರಾಂಶ ಫೈನಲ್ ಕಟ್ ಪ್ರೊ 7ರಲ್ಲಿ. ಹೊಸ ಕ್ಯಾಮೆರಾಗಳ ಎಚ್.265 ಎಂಬ ಬಿಗಿಯಾಗಿ ಕುಗ್ಗಿಸಿದ ಫೈಲುಗಳನ್ನು ಅದು ಓದುವುದಿಲ್ಲ. ಪ್ರತಿ ಮದುವೆಯ ಫೂಟೇಜನ್ನೂ ಮೊದಲು ಪ್ರೊರೆಸ್ ಎಂಬ, ಎಡಿಟಿಂಗ್‌ಗೆ ಸುಲಭವಾದ ಬಗೆಗೆ ಬದಲಾಯಿಸಿ, ಆಮೇಲೆ ಕತ್ತರಿಸಬೇಕಾಗಿತ್ತು. ಈಗ ಮಾಲೀಕರು ಹೊಸ ಮ್ಯಾಕ್ ತಂದಿದ್ದಾರೆ, ಅದರಲ್ಲಿ ಹೊಸ ಫೈನಲ್ ಕಟ್ ಪ್ರೊ ಹಾಕಿಸಿದ್ದಾರೆ. ವೇಗದ ಬಗ್ಗೆ ನನ್ನ ದೂರಿಲ್ಲ. ನೇರವಾಗಿ 4ಕೆ ಫೈಲ್ ಎಳೆದು ಹಾಕಿದರೆ ಓಡುತ್ತದೆ.

ನನ್ನ ಸಂಕಟ ಶಾಟ್‌ಗಳನ್ನು ಜೋಡಿಸುವ ಟೈಮ್‌ಲೈನ್‌ನದು. ಅದರಲ್ಲಿ ಟ್ರ್ಯಾಕ್‌ಗಳೇ ಇಲ್ಲ, ಅಂದರೆ ಚಿತ್ರಕ್ಕೆ ವಿ1, ವಿ2, ಧ್ವನಿಗೆ ಎ1, ಎ2 ಎಂದು ಮೀಸಲಾದ ಸಾಲುಗಳೇ ಇಲ್ಲ! ನಾನು ಮಾಡುವ ಮದುವೆಗಳಲ್ಲಿ ವಿ1 ಎಂದರೆ ಮಂಟಪದ ಎದುರಿನ ಕ್ಯಾಮೆರಾ, ವಿ2 ಪಕ್ಕದ್ದು. ಎ1, ಎ2ರಲ್ಲಿ ಪುರೋಹಿತರ ಮಂತ್ರ. ಎ3, ಎ4ರಲ್ಲಿ ವಾಲಗ. ನಾನು ರಜೆಯಲ್ಲಿದ್ದರೂ ನಮ್ಮ ಹುಡುಗರು ಫೈಲ್ ತೆರೆದು ವಾಲಗದ ಸದ್ದನ್ನು ಒಂದೇ ಸಲಕ್ಕೆ ತಗ್ಗಿಸಬಲ್ಲರು. ಆ ಶಿಸ್ತನ್ನು ನಾನು ಕಷ್ಟಪಟ್ಟು ಕಟ್ಟಿದ್ದೇನೆ.

ಹೊಸದರಲ್ಲಿ ಮಾಂಗಲ್ಯಧಾರಣೆಯ ಭಾಗ ಮಾಡುತ್ತಿದ್ದೆ. ಅಕ್ಷತೆ ಹಿಡಿದು ಕಾಯುತ್ತಿರುವ ನೆಂಟರ ಶಾಟ್ ಬೇಡವೆನಿಸಿ ಅಳಿಸಿದರೆ ಗಟ್ಟಿಮೇಳದ ಧ್ವನಿಯೂ ಜೊತೆಯಲ್ಲೇ ಮಾಯವಾಯಿತು. ಅದನ್ನು ರದ್ದು ಮಾಡಿ, ಶಾಟನ್ನು ಎರಡು ಶಾಟ್ ಹಿಂದಕ್ಕೆ ಸರಿಸಿದರೆ ಗಟ್ಟಿಮೇಳವೂ ಅದರ ಬೆನ್ನಿಗೇ ಹೊರಟಿತು. ವರನ ಕೈಗೆ ತಾಳಿ ಬರುವ ಮೊದಲೇ ಡೋಲು ಮೊಳಗಿತು. ಇದು ಸಣ್ಣ ವಿಷಯವಲ್ಲ. ಪುರೋಹಿತರು ಬೆರಳೆತ್ತಿದಾಗ ಗಟ್ಟಿಮೇಳ, ಆ ಸದ್ದಿನಲ್ಲೇ ಗಂಟು. ಒಂದು ಕ್ಷಣ ಆಚೀಚೆಯಾದರೂ ಮನೆಯ ಹಿರಿಯರಿಗೆ ತಕ್ಷಣ ತಿಳಿಯುತ್ತದೆ, ತಿಳಿಯಲೇಬೇಕು.

ಧ್ವನಿಯನ್ನು ಒಂದು ಜಾಗದಲ್ಲಿ ಅಲುಗಾಡದಂತೆ ನಿಲ್ಲಿಸುವ ದಾರಿ ಇದೆಯೇ? ಇನ್ನೊಂದು, ಹಳೆಯ 7ರ ಪ್ರಾಜೆಕ್ಟ್‌ಗಳು ಇದರಲ್ಲಿ ತೆರೆಯುತ್ತಿಲ್ಲ. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ ಬಂದು, ತೀರಿಕೊಂಡ ಅಜ್ಜಿ ಇರುವ ಭಾಗವನ್ನೆಲ್ಲ ಸೇರಿಸಿ ಕೊಡಿ ಎಂದು ಕೇಳುವವರಿದ್ದಾರೆ. ಅವರಿಗೆ ಇಲ್ಲವೆನ್ನಲು ನನಗೆ ಮನಸ್ಸಿಲ್ಲ.

ಕೋಲಾರದ ಸಂಕಲನಕಾರ್ತಿ:

ಸರ್, ಜಾಗವನ್ನು ಹುಡುಕುವುದು ಬಿಡಿ, ಕೊಂಡಿಯನ್ನು ಹುಡುಕಿ. ಹೊಸ ಟೈಮ್‌ಲೈನ್‌ನಲ್ಲಿ ಮುಖ್ಯ ಸಾಲು ಒಂದೇ. ಉಳಿದದ್ದೆಲ್ಲ ಆ ಸಾಲಿನ ಯಾವುದಾದರೊಂದು ಶಾಟಿಗೆ ಕಟ್ಟಿಕೊಂಡಿರುತ್ತದೆ. ನಿಮ್ಮ ಗಟ್ಟಿಮೇಳ ನೆಂಟರ ಶಾಟಿನ ಕೆಳಗೆ ಆರಂಭವಾಗುವುದರಿಂದ ತಂತ್ರಾಂಶ ಅದನ್ನು ನೆಂಟರಿಗೆ ಕಟ್ಟಿದೆ. ಅದು ಸೇರಬೇಕಾದದ್ದು ತಾಳಿ ಕಟ್ಟುವ ಶಾಟಿಗೆ. ಆಪ್ಷನ್ ಮತ್ತು ಕಮಾಂಡ್ ಎರಡನ್ನೂ ಒತ್ತಿ ಹಿಡಿದು, ಧ್ವನಿಯ ಕ್ಲಿಪ್‌ನ ಅಂಚಿನಲ್ಲಿ ತಾಳಿಯ ಶಾಟಿಗೆ ನೇರವಾಗಿ ಕ್ಲಿಕ್ ಮಾಡಿ. ಕೊಂಡಿ ಅಲ್ಲಿಗೆ ಸರಿಯುತ್ತದೆ. ಆಮೇಲೆ ನೆಂಟರನ್ನು ಅಳಿಸಿ, ಸರಿಸಿ, ಗಟ್ಟಿಮೇಳ ಗಂಟನ್ನು ಬಿಟ್ಟು ಹೋಗುವುದಿಲ್ಲ. ನಿಮ್ಮ ಹಳೆಯ ಎ3 ಈ ಕೆಲಸವನ್ನು ಎಂದೂ ಮಾಡುತ್ತಿರಲಿಲ್ಲ. ಹೊಂದಾಣಿಕೆಯನ್ನೆಲ್ಲ ನೀವೇ ಕಣ್ಣಿಟ್ಟು ಕಾಯುತ್ತಿದ್ದಿರಿ.

ಶಾಟ್ ಅಳಿಸಿದರೂ ಖಾಲಿ ಜಾಗ ಹಾಗೆಯೇ ಉಳಿಯಬೇಕೆಂದರೆ ಶಿಫ್ಟ್ ಜೊತೆ ಡಿಲೀಟ್. ಹಳೆಯ ರೀತಿಯಲ್ಲಿ ಕ್ಲಿಪ್ಪನ್ನು ಎಲ್ಲಿ ಬೇಕೋ ಅಲ್ಲಿಡಲು ಪಿ ಒತ್ತಿದರೆ ಪೊಸಿಷನ್ ಉಪಕರಣ ಬರುತ್ತದೆ. ಆದರೆ ದಿನವಿಡೀ ಪಿ ಒತ್ತಿಕೊಂಡೇ ಕೆಲಸ ಮಾಡಬೇಡಿ. ಆಗ ಎರಡು ತಂತ್ರಾಂಶಗಳ ತೊಂದರೆಯೂ ನಿಮ್ಮದಾಗುತ್ತದೆ, ಲಾಭ ಒಂದರದೂ ಸಿಗುವುದಿಲ್ಲ.

ಹುಡುಗರು ವಾಲಗ ತಗ್ಗಿಸುವ ವಿಷಯಕ್ಕೆ ರೋಲ್‌ಗಳಿವೆ, ಅಂದರೆ ಕ್ಲಿಪ್‌ಗಳಿಗೆ ಅಂಟಿಸುವ ಹೆಸರಿನ ಗುರುತುಗಳು. ಮಂತ್ರ, ವಾಲಗ, ಮಾತು ಎಂದು ರೋಲ್‌ಗಳನ್ನು ನೀವೇ ಮಾಡಿ, ಫೂಟೇಜ್ ತುಂಬಿಕೊಳ್ಳುವಾಗಲೇ ಗುರುತು ಹಾಕಿ. 2016ರ 10.3 ಆವೃತ್ತಿಯಿಂದ ಪ್ರತಿ ರೋಲ್‌ಗೂ ಟೈಮ್‌ಲೈನ್‌ನಲ್ಲಿ ಪ್ರತ್ಯೇಕ ಬಣ್ಣ, ಪ್ರತ್ಯೇಕ ಸಾಲು ತೋರಿಸುವ ಸೌಲಭ್ಯವಿದೆ. ವಾಲಗವೆಲ್ಲ ಒಂದೇ ಮಟ್ಟದಲ್ಲಿ ಕಾಣುತ್ತದೆ, ಒಟ್ಟಿಗೆ ನಿಶ್ಶಬ್ದವೂ ಆಗುತ್ತದೆ. ನೀವು ಕಟ್ಟಿದ ಶಿಸ್ತು ಇಲ್ಲಿ ಹೆಸರಿನ ರೂಪದಲ್ಲಿ ಉಳಿಯುತ್ತದೆ.

ಚಿಕ್ಕಬಳ್ಳಾಪುರ ಕ್ಯಾಮೆರಾ:

ಅಣ್ಣ, ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಗೊತ್ತು. 2011ರ ಜೂನ್ 21ರಂದು ಈ ಹೊಸ ಫೈನಲ್ ಕಟ್ ಮೊದಲು ಹೊರಬಂದಾಗ ಇನ್ನೂ ಕಷ್ಟವಿತ್ತು. ಹಳೆಯ ಪ್ರಾಜೆಕ್ಟ್ ತೆರೆಯುತ್ತಿರಲಿಲ್ಲ, ಎಡಿಟ್‌ನ ವಿವರವನ್ನು ಬೇರೆ ತಂತ್ರಾಂಶಕ್ಕೆ ಒಯ್ಯುವ ಎಕ್ಸ್ಎಂಎಲ್ ಫೈಲ್ ಇರಲಿಲ್ಲ, ಹಲವು ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಹೊಂದಿಸಿ ಕತ್ತರಿಸುವ ಮಲ್ಟಿಕ್ಯಾಮ್ ಕೂಡ ಇರಲಿಲ್ಲ. ಜೊತೆಗೆ 7ರ ಮಾರಾಟವನ್ನೂ ನಿಲ್ಲಿಸಿದರು. ಎಕ್ಸ್ಎಂಎಲ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂತು, ಮಲ್ಟಿಕ್ಯಾಮ್ 2012ರ ಜನವರಿಯಲ್ಲಿ. ಜಗತ್ತಿನ ಎಷ್ಟೋ ವೃತ್ತಿಪರರು ಆಗಲೇ ಬೇರೆ ತಂತ್ರಾಂಶಕ್ಕೆ ಹೋದರು, ಅವರನ್ನು ನಾನು ದೂರುವುದಿಲ್ಲ. ಆದರೆ 7 ಎಂಬುದು 32 ಬಿಟ್‌ನದು. ಯಂತ್ರದಲ್ಲಿ ಎಷ್ಟು ಮೆಮೊರಿ ಇದ್ದರೂ 4 ಜಿಬಿಗಿಂತ ಹೆಚ್ಚು ಮುಟ್ಟಲಾಗದು. ಬುಡದಿಂದ ಮತ್ತೆ ಬರೆಯದೆ ಬೇರೆ ದಾರಿಯಿರಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲ ಮಾತು: ಹಳೆಯ ಮ್ಯಾಕನ್ನು ಗುಜರಿಗೆ ಹಾಕಬೇಡಿ, ಅದರ ಆಪರೇಟಿಂಗ್ ಸಿಸ್ಟಮನ್ನು ಮೇಲ್ದರ್ಜೆಗೆ ಏರಿಸಲೂ ಬೇಡಿ. 2019ರ ಕ್ಯಾಟಲಿನಾದಿಂದ 32 ಬಿಟ್‌ನ ಯಾವ ತಂತ್ರಾಂಶವೂ ಓಡುವುದಿಲ್ಲ. ಆ ಯಂತ್ರದಲ್ಲಿ 7 ಇನ್ನೂ ತೆರೆಯುತ್ತಿರುವಾಗಲೇ ಒಂದೊಂದು ಪ್ರಾಜೆಕ್ಟಿನಿಂದಲೂ ಎಕ್ಸ್ಎಂಎಲ್ ತೆಗೆದಿಡಿ. ಹೊಸ ಫೈನಲ್ ಕಟ್ ಆ ಹಳೆಯ ಎಕ್ಸ್ಎಂಎಲ್ ಅನ್ನು ನೇರವಾಗಿ ಓದುವುದಿಲ್ಲ, ಎರಡರ ಭಾಷೆ ಬೇರೆ. ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಅದನ್ನು ತೆರೆದು, ಅಲ್ಲಿಂದ ಹೊಸ ಬಗೆಯ ಎಕ್ಸ್ಎಂಎಲ್ ಮಾಡಿಕೊಂಡು ತರಬಹುದು. ಕಟ್‌ಗಳು ಬರುತ್ತವೆ. ಹಳೆಯ ಎಫೆಕ್ಟ್, ಹೆಸರಿನ ಪಟ್ಟಿಗಳನ್ನು ನಂಬಬೇಡಿ, ಅವನ್ನು ಮತ್ತೆ ಮಾಡಬೇಕಾಗುತ್ತದೆ. ಮೂಲ ಫೂಟೇಜ್ ಇರುವ ಹಾರ್ಡ್ ಡಿಸ್ಕ್ ಇಲ್ಲದಿದ್ದರೆ ಇದಾವುದೂ ಉಪಯೋಗಕ್ಕಿಲ್ಲ, ಅದನ್ನು ಮೊದಲು ನೋಡಿ.

ತಿಪಟೂರು ಸ್ಟುಡಿಯೊ ಹುಡುಗ:

ರಿಸಾಲ್ವ್ ಹೇಗೂ ಹಾಕಿಕೊಳ್ಳುತ್ತೀರಲ್ಲ ಸರ್, ಅದರಲ್ಲೇ ಕೆಲಸ ಮಾಡಿಬಿಡಿ. ಅಲ್ಲಿ ಟ್ರ್ಯಾಕ್‌ಗಳಿವೆ, ನಿಮ್ಮ ಎ3 ಎ3ಯಾಗಿಯೇ ಇರುತ್ತದೆ. ನಾನು ಬಂದಿದ್ದು ಆ ದಾರಿಯಲ್ಲೇ.

ತುಮಕೂರು ಎಡಿಟರ್:

ಕೋಲಾರದ ಮೇಡಂಗೆ ಮನಸಾರೆ ಧನ್ಯವಾದ. ಕೊಂಡಿಯನ್ನು ತಾಳಿಯ ಶಾಟಿಗೆ ಸರಿಸಿದೆ. ಅದರ ಹಿಂದಿನ ಮೂರು ಶಾಟ್‌ಗಳನ್ನು ಬೇಕೆಂದೇ ಅದಲುಬದಲು ಮಾಡಿದೆ. ಗಟ್ಟಿಮೇಳ ಗಂಟಿನ ಮೇಲೆಯೇ ಬಿತ್ತು. 7ರಲ್ಲಿ ಇಷ್ಟು ಬದಲಾವಣೆ ಮಾಡಿದ್ದರೆ ಕೆಳಗಿನ ಟ್ರ್ಯಾಕ್‌ಗಳನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತಿತ್ತು, ಇದನ್ನು ಒಪ್ಪಲೇಬೇಕು.

ಆದರೂ ಒಂದು ಮಾತು ಹೇಳಲೇಬೇಕು. ಪೂರ್ತಿ ಮದುವೆಯ ವಿಡಿಯೊದಲ್ಲಿ ಮಂತ್ರ ಮುಕ್ಕಾಲು ಗಂಟೆ ಎಡೆಬಿಡದೆ ನಡೆಯುತ್ತದೆ. ಅಲ್ಲಿ ಚಿತ್ರವೇ ಮುಖ್ಯ ಸಾಲು ಎನ್ನುವ ಲೆಕ್ಕ ನನಗೆ ಹಿಡಿಸಲಿಲ್ಲ. ಹಾಗಾಗಿ ರೆಕಾರ್ಡರಿನ ಧ್ವನಿಯನ್ನೇ ಮುಖ್ಯ ಸಾಲಿಗೆ ಹಾಕಿ, ಶಾಟ್‌ಗಳನ್ನು ಅದಕ್ಕೆ ಕಟ್ಟಿದೆ. ಮಂತ್ರ ಮುರಿಯಲಿಲ್ಲ. ಹೈಲೈಟ್ಸ್‌ಗೆ ಹಾಡನ್ನೂ ಹೀಗೆಯೇ ಹಾಕಿ ನೋಡುತ್ತೇನೆ.

ತಿಪಟೂರಿನ ತಮ್ಮಾ, ನಿನ್ನ ಸಲಹೆ ಸರಿಯಾದದ್ದೇ. ಆದರೆ ನಮ್ಮಲ್ಲಿ ಇನ್ನಿಬ್ಬರು ಇದನ್ನು ಆಗಲೇ ಕಲಿಯುತ್ತಿದ್ದಾರೆ, ನಾನೊಬ್ಬ ಬೇರೆ ಕಡೆ ಹೋಗಲಾರೆ. ಚಿಕ್ಕಬಳ್ಳಾಪುರದವರೇ, ಒಂದೇ ಪ್ರಾಜೆಕ್ಟಿನಲ್ಲಿ ಧಾರೆ, ಆರತಕ್ಷತೆ, ಬೀಗರ ಔತಣ ಎಂದು ಬೇರೆ ಬೇರೆ ಸೀಕ್ವೆನ್ಸ್‌ಗಳಿವೆ. ಎಕ್ಸ್ಎಂಎಲ್ ಒಟ್ಟಿಗೆ ತೆಗೆಯಲೇ, ಬಿಡಿಬಿಡಿಯಾಗಿಯೇ?

ಚಿಕ್ಕಬಳ್ಳಾಪುರ ಕ್ಯಾಮೆರಾ:

ಬಿಡಿಬಿಡಿಯಾಗಿ, ಸೀಕ್ವೆನ್ಸ್‌ಗೊಂದು. ಫೈಲಿನ ಹೆಸರಿನಲ್ಲಿ ಮನೆತನ, ವರ್ಷ, ಶಾಸ್ತ್ರ ಮೂರನ್ನೂ ಬರೆಯಿರಿ. ಒಂದು ಕೆಟ್ಟರೂ ಉಳಿದವು ತೆರೆಯುತ್ತವೆ.