ಸಹಾಯ ಬೇಕು: ಚೋಂಗ್‌ಚಿಂಗ್‌ನಲ್ಲಿ ಸಂಜೆ ದೋಣಿ ವಿಹಾರ, ಆಮೇಲೆ ಸಸ್ಯಾಹಾರಿ ಹಾಟ್‌ಪಾಟ್

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನನ್ನು ಕರೆದುಕೊಂಡು ಚೀನಾದ ಚೋಂಗ್‌ಚಿಂಗ್‌ಗೆ ಹೋಗುತ್ತಿದ್ದೇನೆ. ಯಾಂಗ್ತ್ಸೆ ಮತ್ತು ಜಿಯಾಲಿಂಗ್ ನದಿಗಳು ಸೇರುವ ಚಾವೊತಿಯನ್‌ಮೆನ್ ದೋಣಿಕಟ್ಟೆಯಿಂದ ರಾತ್ರಿ ದೋಣಿ ಹತ್ತುವ ಆಸೆ. ನದಿದಡದ ಗುಡ್ಡಕ್ಕೆ ಅಂಟಿಕೊಂಡಂತಿರುವ ಹೊಂಗ್‌ಯಾದೊಂಗ್ ಎಂಬ ಬಹುಮಹಡಿ ಕಟ್ಟಡದ ದೀಪಗಳನ್ನು ನೀರಿನ ಮೇಲಿಂದ ನೋಡಬೇಕು ಅಂತ ಅಮ್ಮನಿಗೆ ತುಂಬಾ ಇಷ್ಟ. ಅಪ್ಪನಿಗೆ ಮಂಡಿನೋವು. ಆ ಊರು ಪೂರ್ತಿ ಗುಡ್ಡ, ಮೆಟ್ಟಿಲು ಜಾಸ್ತಿ. ದೋಣಿಕಟ್ಟೆಯ ಹತ್ತಿರದವರೆಗೂ ಟ್ಯಾಕ್ಸಿ ಹೋಗುತ್ತದಾ?

ನನ್ನ ದೊಡ್ಡ ಚಿಂತೆ ಊಟದ್ದು. ಹಾಟ್‌ಪಾಟ್ ಅಂದರೆ ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತರಕಾರಿ, ಮಾಂಸ ಬೇಯಿಸಿಕೊಂಡು ತಿನ್ನುವ ಊಟ. ಅಲ್ಲಿ ಅದರ ಖಾರದ ಕೆಂಪು ಸಾರನ್ನು ಸಾಮಾನ್ಯವಾಗಿ ದನದ ಕೊಬ್ಬಿನಲ್ಲೇ ಮಾಡುವುದು. ಒಂದೇ ಪಾತ್ರೆಯಲ್ಲಿ ಎರಡು ಭಾಗ ಮಾಡಿ, ಒಂದರಲ್ಲಿ ಖಾರವಿಲ್ಲದ ಸಾರು ಕೊಡುತ್ತಾರೆ. ಆದರೆ ಆ ಬಿಳಿ ಸಾರನ್ನೂ ಎಷ್ಟೋ ಕಡೆ ಮೂಳೆ ಬೇಯಿಸಿ ಮಾಡುತ್ತಾರೆ. ಅಣಬೆ ಸಾರು ಅಂದರೂ ಕೋಳಿ ಇರಬಹುದು. ಅಪ್ಪ ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಗೊತ್ತಿಲ್ಲದೆ ಅವರಿಗೆ ತಿನ್ನಿಸಿಬಿಡುವುದು ನನಗೆ ಸುತರಾಂ ಬೇಡ.

ಅಲ್ಲಿರುವ ಕನ್ನಡದವರು ಯಾರಾದರೂ ಇದ್ದೀರಾ? ಪೂರ್ತಿ ಸಸ್ಯಾಹಾರಿ ಹಾಟ್‌ಪಾಟ್ ಸಿಗುವ ಜಾಗ, ಸಾಧ್ಯವಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪಾತ್ರೆ ಕೊಡುವಂಥದ್ದು, ದಯವಿಟ್ಟು ತಿಳಿಸಿ. "ಮಾಂಸ, ಮೂಳೆ ಸಾರು, ಆಯ್ಸ್ಟರ್ (ಸಮುದ್ರದ ಚಿಪ್ಪುಜೀವಿ) ಸಾಸ್ ಯಾವುದೂ ಬೇಡ" ಅಂತ ಚೀನೀ ಲಿಪಿಯಲ್ಲಿ ಬರೆದುಕೊಟ್ಟರೆ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸುತ್ತೇನೆ.