ದಾವಣಗೆರೆಯಿಂದ ಕರಾವಳಿಗೆ ನಾಲ್ಕು ದಿನ, ನಿಧಾನವಾಗಿ: ಹೋಗಿಬಂದವರು ಅನುಭವ ಹೇಳಿ

ವಿದ್ಯಾನಗರ, ದಾವಣಗೆರೆ:
ಡಿಸೆಂಬರ್ ಕೊನೇ ವಾರ ಕಾರಲ್ಲಿ ಹೊರಡುತ್ತಿದ್ದೇವೆ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ 71, ಮೊಣಕಾಲು ನೋವು, ಮೀನು ಬಿಟ್ಟು ಹತ್ತು ವರ್ಷವಾಯಿತು. ನಮಗೆ ಮೀನು ಬೇಕೇ ಬೇಕು. ಉಡುಪಿಯಿಂದ ಗೋಕರ್ಣದವರೆಗೆ ಸಮುದ್ರ ನೋಡಿಕೊಂಡು, ಅಲ್ಲಲ್ಲಿ ನಿಲ್ಲಿಸಿ ತಿಂದುಕೊಂಡು ಹೋಗುವ ಆಸೆ. ಯಾವ ಘಾಟಿ ಇಳಿಯೋಣ? ಕೆಳಮಹಡಿಯಲ್ಲಿ ರೂಮು, ಕಮೋಡ್ ಇರುವ ಜಾಗ ಎಲ್ಲಿ ಸಿಗುತ್ತೆ?

ಪಿ.ಜೆ. ಬಡಾವಣೆ:
ಆಗುಂಬೆ ಇಳಿಯಿರಿ, ಹತ್ತಬೇಡಿ. ಇದನ್ನು 17,700 ರೂಪಾಯಿ ಕೊಟ್ಟು ಕಲಿತಿದ್ದೇನೆ. ಹೋಗುವಾಗ ಎರಡನೇ ಗೇರಲ್ಲಿ ಆರಾಮಾಗಿ ಇಳಿದೆವು. ಸೋಮೇಶ್ವರದಲ್ಲಿ ಚಹಾ, ಹೆಬ್ರಿ ದಾಟಿ ಉಡುಪಿಯಲ್ಲಿ ಬಿಸಿ ಗೋಳಿಬಜೆ. ವಾಪಸ್ ಬರುವಾಗ ಕಾರಲ್ಲಿ ಆರು ಜನ, ಡಿಕ್ಕಿ ತುಂಬಾ ಲಗೇಜು, ಅದರ ಮೇಲೆ 20 ಎಳನೀರು. 14 ತಿರುವುಗಳಲ್ಲಿ ಆರನೆಯದರಲ್ಲಿ ಎದುರಿಗೆ ಮಿನಿ ಬಸ್ ಬಂತು. ನಿಲ್ಲಿಸಿದೆ. ಮತ್ತೆ ಎತ್ತಲು ಅರ್ಧ ಕ್ಲಚ್ ಹಿಡಿದು ಒದ್ದಾಡಿದೆ. ಮುಂದಿನ ತಿರುವಿಗೆ ಸುಟ್ಟ ವಾಸನೆ. ಒಂಬತ್ತನೆಯದರಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ತೀರ್ಥಹಳ್ಳಿವರೆಗೆ ಎಳೆಸಿದ್ದಕ್ಕೆ 4,500. ಕ್ಲಚ್ ಸೆಟ್ ಮತ್ತು ಕೂಲಿ 11,800. ಲಾಡ್ಜ್ 1,400. ಸಾಮಾನು ಶಿವಮೊಗ್ಗದಿಂದ ಬರಬೇಕು ಅಂತ ಒಂದೂವರೆ ದಿನ ಕೂರಿಸಿದರು. ಹಳೇ ಪ್ಲೇಟ್ ತೋರಿಸಿ ಅಂತ ಮೂರು ಸಲ ಕೇಳಿದೆ, ತೋರಿಸಲಿಲ್ಲ. ಅದು ಇವತ್ತಿಗೂ ಮನಸ್ಸಲ್ಲಿದೆ.

ದುರ್ಗದವನು:
ಸರ್, ತಪ್ಪು ಘಾಟಿಯದಲ್ಲ, ಕಾಲಿನದು. ಚಿತ್ರದುರ್ಗದಿಂದ ನಾವು ಯಾವತ್ತೂ ಶಿವಮೊಗ್ಗ, ಸಾಗರ, ಜೋಗದ ಮೇಲೆ ಹೋಗುವವರು. ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿದರೆ ಶರಾವತಿ ಪಕ್ಕದಲ್ಲೇ ಹೊನ್ನಾವರಕ್ಕೆ ಕರಕೊಂಡು ಹೋಗುತ್ತೆ. ಅಷ್ಟು ಚೆಂದದ ರಸ್ತೆ ನಾನು ಬೇರೆ ನೋಡಿಲ್ಲ.

ನನ್ನ ಹೊಟ್ಟೆ ಉರಿ ಬೇರೆ. ಹೆದ್ದಾರಿ ಪಕ್ಕದ ಒಂದು ಮೀನಿನ ಹೋಟೆಲಲ್ಲಿ ಟ್ರೇ ತಂದು ಮುಂದಿಟ್ಟರು. ಕಾಣೆ ಮೀನು ಹೊಳೀತಿತ್ತು. ಮಕ್ಕಳು ಬೆರಳು ತೋರಿಸಿದರು, ನಾನು ಹೂಂ ಅಂದೆ. ಕಾರ್ಡಲ್ಲಿ ಕಾಣೆ ಎದುರಿಗೆ ರೇಟೇ ಇರಲಿಲ್ಲ. ಊಟ ನಾಲ್ಕು, 640. ಬಂಗುಡೆ ಎರಡು, 360. ಕೋಕಂ ಶರಬತ್ತು ನಾಲ್ಕು, 160. ಕಾಣೆ ಮೂರು, 1,650! ಒಟ್ಟು 2,810. ಕೇಳಿದರೆ ‘ಸೈಜ್ ಮೇಲೆ ರೇಟು’ ಅಂದರು. ಮೊದಲೇ ಹೇಳಬೇಕಿತ್ತು ಅಲ್ವಾ? ಮೀನು ಮಾತ್ರ ತಾಜಾ ಇತ್ತು, ಸುಳ್ಳು ಹೇಳಲ್ಲ.

ಪಿ.ಜೆ. ಬಡಾವಣೆ:
ಆರು ಜನ ಕೂರಿಸಿಕೊಂಡು ಆಗುಂಬೆ ಹತ್ತಿ ನೋಡಿ, ಆಮೇಲೆ ನನ್ನ ಕಾಲಿನ ಬಗ್ಗೆ ಮಾತಾಡಿ. ಡಿಸೆಂಬರಲ್ಲಿ ಜೋಗದಲ್ಲಿ ಏನಿರುತ್ತೆ? ಲಿಂಗನಮಕ್ಕಿಯಲ್ಲಿ ನೀರು ಹಿಡಿದಿರುತ್ತಾರೆ. ಬಂಡೆ ಮೇಲೆ ನಾಲ್ಕು ಬಿಳೀ ದಾರ.

ದುರ್ಗದವನು:
ದಾರವೇ ಇರಲಿ. 253 ಮೀಟರ್ ಆಳ ಕಣ್ಣಿಗೆ ಬೀಳುವುದೇ ಆಗ. ಮಳೆಗಾಲದಲ್ಲಿ ಮಂಜು ಬಿಟ್ಟರೆ ಏನೂ ಕಾಣಲ್ಲ.

ಹರಿಹರದ ಅಕ್ಕ:
ಹೋಟೆಲಿಗೆ ಅಷ್ಟೊಂದು ಸುರಿಯುವುದು ಯಾಕೆ? ನಾನು 40 ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಕೆಜಿ ಮಂಡಕ್ಕಿ ಕಟ್ಟಿಕೊಂಡು ಹೋಗಿದ್ದೆ. ಒಂದೇ ಒಂದು ಎಡವಟ್ಟಾಯಿತು. ಅಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ. ರಾತ್ರಿ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಬೆಳಿಗ್ಗೆ ಮುರಿದರೆ ಸದ್ದಿಲ್ಲ, ಚರ್ಮದ ಹಾಗೆ ಬಾಗುತ್ತೆ. ಮಂಡಕ್ಕಿ ಒಗ್ಗರಣೆ ಹಾಕುವ ಮೊದಲೇ ಮೆತ್ತಗೆ. ಡಬ್ಬಿ ಬಿಗಿ ಇರಬೇಕು. ಈಗ ನಾನು ಸ್ಟೀಲ್ ಡಬ್ಬಿ ಮುಚ್ಚಳಕ್ಕೂ ಟೇಪ್ ಸುತ್ತುತ್ತೇನೆ.

ದುರ್ಗದವನು:
ಅಕ್ಕಾರೆ, ಸಮುದ್ರದ ದಂಡೆಗೆ ಹೋಗಿ ರೊಟ್ಟಿ ತಿನ್ನುವುದಾದರೆ ಮನೇಲೇ ಇರಬಹುದಲ್ಲ?

ಹರಿಹರದ ಅಕ್ಕ:
2,810 ಕೊಟ್ಟು ಬಂದವರು ನನಗೆ ಹೇಳಬೇಡಿ ತಮ್ಮಾ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಹೋಟೆಲ್ ಹುಡುಕುತ್ತಾ ಮೂರು ಗಂಟೆ ಮಾಡಿದರೆ ಅವರ ಕೈ ನಡುಗುತ್ತೆ.

ರಾಣೆಬೆನ್ನೂರು ರಸ್ತೆ:
ನಾವು ಸಸ್ಯಾಹಾರಿಗಳು. ಹಾವೇರಿ, ಶಿರಸಿ, ದೇವಿಮನೆ ಘಾಟಿ ಇಳಿದು ಕುಮಟಾ. ನಾವು ಹೋದಾಗ ಘಾಟಿಯಲ್ಲಿ ಅಗಲೀಕರಣ ನಡೀತಿತ್ತು. ಕೆಂಪು ಧೂಳು ಎಸಿ ಫಿಲ್ಟರಿಗೆ ಮೆತ್ತಿ ಆಮೇಲೆ 650 ಖರ್ಚು. ಆದರೂ ಶಿರಸಿ ಕಡೆಯ ಅಪ್ಪೆಹುಳಿ, ತಂಬುಳಿ ಊಟಕ್ಕೋಸ್ಕರ ಮತ್ತೆ ಹೋಗುತ್ತೇನೆ. ತೊಡದೇವು ಅನ್ನುವ ಸಿಹಿ ತಿಂಡಿ ಎರೆಯುವುದನ್ನು ಅರ್ಧ ಗಂಟೆ ನಿಂತು ನೋಡಿದೆ. ಮಡಕೆ ಬೋರಲು ಹಾಕಿ ಕೆಳಗೆ ಬೆಂಕಿ. ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತ. ಕಾಗದಕ್ಕಿಂತ ತೆಳು. ಆ ಹೆಂಗಸಿನ ಕೈ ಒಂದು ಸಲವೂ ತಡೆಯಲಿಲ್ಲ.

ಶಿರೂರು ಕಡೆ ಮಾತ್ರ ಹೋಗಲೇಬೇಡಿ. 2024ರ ಜುಲೈನಲ್ಲಿ ಗುಡ್ಡ ಕುಸಿದು ಜನ ಸತ್ತ ಜಾಗ. ಆಗಸ್ಟಿಗೆ ನಾವು ಕಾರವಾರದಲ್ಲಿ ಕೊಟ್ಟಿದ್ದ ರೂಮಿನ ಮುಂಗಡ 6,400 ವಾಪಸ್ ಬರಲೇ ಇಲ್ಲ.

ಜಗಳೂರು:
ಸುಮ್ನೆ ಹೆದರಿಸಬೇಡಿ. ಶಿರೂರು ದಾಟದೆ ಬೈಂದೂರಿಂದ ಭಟ್ಕಳಕ್ಕೆ ಹೇಗೆ ಹೋಗ್ತೀರಿ? ಹೋದ ತಿಂಗಳು ತಾನೇ ಶಿರೂರು ಟೋಲ್ ಕಟ್ಟಿ ಬಂದಿದ್ದೇನೆ. ಅಲ್ಲಿ ಗುಡ್ಡ ಎಲ್ಲಿದೆ?

ರಾಣೆಬೆನ್ನೂರು ರಸ್ತೆ:
ಜನ ಸತ್ತಿದ್ದು ಸುಳ್ಳಾ ಹಾಗಾದರೆ? ಟೀವಿಯಲ್ಲಿ ವಾರಗಟ್ಟಲೆ ತೋರಿಸಿದರು. ಗಂಗಾವಳಿ ನದಿಯಲ್ಲಿ ಲಾರಿ ಹುಡುಕಿದ್ದು ನಾನು ಕಟ್ಟಿದ ಕತೆಯಾ?

ಬಾಪೂಜಿ ಕಾಲೇಜು ಹತ್ತಿರ:
ಇಬ್ಬರೂ ನಿಲ್ಲಿ. ಎರಡು ಶಿರೂರು ಇವೆ. ಟೋಲ್ ಇರುವುದು ಬೈಂದೂರು ತಾಲ್ಲೂಕಿನದು. ಗುಡ್ಡ ಕುಸಿದಿದ್ದು ಅಂಕೋಲಾ ತಾಲ್ಲೂಕಿನದು. ದಕ್ಷಿಣದಿಂದ ಬರುವವರು ಗೋಕರ್ಣಕ್ಕೆ ಅದಕ್ಕೂ ಮೊದಲೇ ತಿರುಗುತ್ತಾರೆ.

ಜಗಳೂರು:
ಅದನ್ನೇ ನಾನು ಹೇಳಿದ್ದು.

ರಾಣೆಬೆನ್ನೂರು ರಸ್ತೆ:
ನೀವು ಹೇಳಿದ್ದು ಅದಲ್ಲ. ಮೇಲೆ ಹೋಗಿ ಓದಿ.

ಹೊಳಲ್ಕೆರೆ:
ನನ್ನದೂ ಕೇಳಿ. ಮಕ್ಕಳ ಶಾಲೆ ಶುರುವಾಗುವ ಮುಂಚೆ ಅಂತ ಜೂನ್ ಮೊದಲ ವಾರ ಹೋದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, 61 ದಿನ. ಗೊತ್ತೇ ಇರಲಿಲ್ಲ. ಮಲ್ಪೆಯಲ್ಲಿ ದೋಣಿಗಳೆಲ್ಲ ಸಾಲಾಗಿ ಕಟ್ಟಿ ನಿಂತಿದ್ದವು. ಅಂಜಲ್ ಹೇಳಿದೆವು, ಐಸಿನಲ್ಲಿಟ್ಟ ಮೀನು ಬಂತು. ಬಾಯಲ್ಲಿ ಹತ್ತಿ ಅಗಿದ ಹಾಗೆ. ಸಣ್ಣವನಿಗೆ ರಾತ್ರಿ ವಾಂತಿ. ಆಸ್ಪತ್ರೆ, ಡ್ರಿಪ್ಪು ಸೇರಿ 3,250.

ವಿದ್ಯಾನಗರ, ದಾವಣಗೆರೆ:
ಎಲ್ಲರಿಗೂ ಧನ್ಯವಾದ. ನಾವು ಹೋಗುವುದು ಡಿಸೆಂಬರಲ್ಲಿ. ಕೆಳಮಹಡಿ ರೂಮಿನ ಬಗ್ಗೆ ಯಾರಾದರೂ ಹೇಳ್ತೀರಾ? ಅತ್ತೆ ಎರಡು ಸಲ ಕೇಳಿದರು.

ಬಾಪೂಜಿ ಕಾಲೇಜು ಹತ್ತಿರ:
ನಮ್ಮ ಅತ್ತೆಯನ್ನೂ ಕರಕೊಂಡು ಹೋಗಿದ್ದೆ. ಅದಕ್ಕೇ ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಮರವಂತೆಯಲ್ಲಿ ಅವರು ಕಾರಿಂದ ಇಳಿಯಲೇ ಬೇಕಾಗಲಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಎರಡೂ ಬಾಗಿಲು ತೆಗೆದಿಟ್ಟು ಮಧ್ಯೆ ಕೂರಿಸಿದೆವು. ಒಂದೂವರೆ ಗಂಟೆ ಕೂತರು. ‘ಈ ಕಿವಿಗೆ ಅಲೆ, ಈ ಕಿವಿಗೆ ಸದ್ದಿಲ್ಲ’ ಅಂದರು. ಆದರೆ ಅದು ಹೆದ್ದಾರಿ. ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಮಕ್ಕಳ ಕೈ ಬಿಡಬೇಡಿ. ಮುರುಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ, ಮೇಲಿಂದ 123 ಅಡಿಯ ಶಿವನೂ ಕಡಲೂ ಒಟ್ಟಿಗೆ ಕಾಣುತ್ತೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ಸಾಲು ಉದ್ದ, ಅತ್ತೆಗೆ ನಿಲ್ಲಲಾಗಲಿಲ್ಲ, ಅವರನ್ನು ಕೆಳಗೆ ಬಿಟ್ಟು ನಾವು ಹೋದೆವು. ಅದು ನಾನು ಮಾಡಿದ ತಪ್ಪು.

ರೂಮಿಗೆ ಫೋನ್ ಮಾಡುವಾಗ ‘ಕೆಳಮಹಡಿ’ ಅಂತ ಕೇಳಿದರೆ ಸಾಲದು. ಮೆಟ್ಟಿಲು ಎಷ್ಟು ಅಂತ ಕೇಳಿ. ನಮಗೆ ಕೊಟ್ಟ ಕೆಳಮಹಡಿಗೆ ಒಂಬತ್ತು ಮೆಟ್ಟಿಲಿದ್ದವು.

ವಿದ್ಯಾನಗರ, ದಾವಣಗೆರೆ:
ಒಂಬತ್ತಾ? ಹಿಡಿದುಕೊಳ್ಳಲು ಕಂಬಿ ಇತ್ತಾ ಅಕ್ಕಾ?

ಬಾಪೂಜಿ ಕಾಲೇಜು ಹತ್ತಿರ:
ಒಂದೇ ಕಡೆ. ಹತ್ತುವಾಗ ಎಡಗಡೆ. ನಮ್ಮ ಅತ್ತೆಗೆ ನೋವಿದ್ದದ್ದು ಬಲಗಾಲು. ಹೇಗೋ ನಡೀತು.