ಹೀಲಲಿಗೆ ಬಳಿ 2,400 ಮನೆಗಳ ಟೌನ್‌ಶಿಪ್: ಸಂಚಾರ ವರದಿಯನ್ನು ತಾಳೆ ನೋಡುವುದು ಹೇಗೆ?

ಹೊಸೂರುದಾರಿ (ಪ್ರಶ್ನೆ)

ಬೆಂಗಳೂರಿನ ಅಂಚಿನ ಹೀಲಲಿಗೆ ಕಡೆ ಎರಡು ಲೇನಿನ ರಸ್ತೆಗೆ ಅಂಟಿಕೊಂಡು 62 ಎಕರೆಯಲ್ಲಿ 2,400 ಫ್ಲಾಟಿನ ಟೌನ್‌ಶಿಪ್ ಪ್ರಸ್ತಾವ ಬಂದಿದೆ. ಜೊತೆಗಿರುವ ಸಂಚಾರ ವರದಿಯ ತೀರ್ಮಾನ ಇಷ್ಟೇ: ಉಪನಗರ ರೈಲು ನಿಲ್ದಾಣ 1.1 ಕಿ.ಮೀ., ಹಳದಿ ಮೆಟ್ರೊ ಬೊಮ್ಮಸಂದ್ರದಲ್ಲಿದೆ, ಆದ್ದರಿಂದ ಯೋಜನೆ ಪ್ರಾದೇಶಿಕ ಸಾರಿಗೆ ಗುರಿಗಳಿಗೆ ಪೂರಕ. ಪೀಕ್ ಗಂಟೆಗೆ ರಸ್ತೆ ಮೇಲೆ ಬೀಳುವ ಹೊಸ ಹೊರೆ 540 ಪಿಸಿಯು (ಎಲ್ಲ ಬಗೆಯ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದ ಅಳತೆ; ಒಂದು ಕಾರು ಅಂದರೆ 1) ಅಂತೆ. ಕಾರ್ ಪಾರ್ಕಿಂಗ್ 3,600. ಈ ಲೆಕ್ಕ ನಂಬಬಹುದಾ? ಎಲ್ಲಿಂದ ಶುರುಮಾಡಬೇಕು?

ಎಣಿಕೆಮನೆ

ಮೊದಲು 540ನ್ನು 2,400ರಿಂದ ಭಾಗಿಸಿ. ಮನೆಗೆ 0.225 ಪಿಸಿಯು. ನಾಲ್ಕು ಮನೆ ಸೇರಿದರೂ ಒಂದು ಕಾರು ಗೇಟು ದಾಟೋದಿಲ್ಲ ಅಂತಾಯ್ತು. ಅದೇ ವರದಿಯಲ್ಲಿ ಮನೆಗೆ ಒಂದೂವರೆ ಕಾರು ನಿಲ್ಲಿಸೋ ಜಾಗ! ಸಂಚಾರದ ಪುಟ ಬರೆದವರು ಪಾರ್ಕಿಂಗ್ ಪುಟ ಓದಿಲ್ಲ, ಇಲ್ಲವೇ ಓದಿಯೂ ಸುಮ್ಮನಿದ್ದಾರೆ.

ಈಗ ನಿಮ್ಮದೇ ಲೆಕ್ಕ ಹಾಕಿ. ಪೀಕ್ ಗಂಟೆಯಲ್ಲಿ ಮನೆಗೊಬ್ಬರು ಹೊರಡುತ್ತಾರೆ ಅಂತ ಹಿಡಿಯೋಣ. ಇದು ಊಹೆ, ಪಕ್ಕದ ಯಾವುದಾದರೂ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಎಣಿಸಿ ತಿದ್ದಿಕೊಳ್ಳಿ. 2,400 ಜನರಲ್ಲಿ ಕಾರಿಗೆ 35%, ಬೈಕಿಗೆ 35%, ಆಟೊಗೆ 5%, ಬಸ್ಸು-ರೈಲಿಗೆ 20%, ಉಳಿದವರು ನಡಿಗೆ. ಕಾರಿಗೆ ಸರಾಸರಿ 1.3 ಜನ ಎಂದರೆ 646 ಕಾರು. ಬೈಕಿಗೆ 1.2 ಎಂದರೆ 700 ಬೈಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಗರ ರಸ್ತೆ ಸಾಮರ್ಥ್ಯದ ಸಂಹಿತೆ ಐಆರ್‌ಸಿ 106ರ ಪ್ರಕಾರ ಬೈಕುಗಳು ಒಟ್ಟು ವಾಹನಗಳಲ್ಲಿ 10% ದಾಟಿದರೆ ಒಂದಕ್ಕೆ 0.75 ಪಿಸಿಯು, ಹಾಗಾಗಿ 525. ಆಟೊಗೆ ಒಂದೂವರೆ ಜನದಂತೆ 80 ಆಟೊ; ಕಡಿಮೆ ಕಡೆಯೇ ಹಿಡಿದು 1.2ರಂತೆ 96. ಒಟ್ಟು ಸುಮಾರು 1,270.

ಅದೇ ಸಂಹಿತೆಯಲ್ಲಿ ಎರಡು ಲೇನಿನ ಸಬ್-ಆರ್ಟೀರಿಯಲ್ (ಪ್ರಧಾನ ರಸ್ತೆಗಿಂತ ಒಂದು ದರ್ಜೆ ಕೆಳಗಿನ) ರಸ್ತೆಗೆ ಎರಡೂ ದಿಕ್ಕು ಸೇರಿ ಗಂಟೆಗೆ 1,200 ಪಿಸಿಯು. ಅಂದರೆ ಈಗ ಓಡಾಡುವ ಒಂದು ವಾಹನವನ್ನೂ ಸೇರಿಸದೆ, ಟೌನ್‌ಶಿಪ್ ಒಂದೇ ರಸ್ತೆಯನ್ನು ತುಂಬಿಬಿಡುತ್ತೆ. ಇಲ್ಲಿ ಒಂದು ಕೈಚಳಕ ಗಮನಿಸಿ: 1,200 ಎಂಬುದು ಆಗಲೇ ಸಾಮರ್ಥ್ಯದ 70%ಕ್ಕೆ ಇಳಿಸಿದ ವಿನ್ಯಾಸ ಸಂಖ್ಯೆ. ಕೆಲವರು ಅದನ್ನು 0.7ರಿಂದ ಭಾಗಿಸಿ 1,714 ಮಾಡಿಕೊಂಡು 'ಇನ್ನೂ ಜಾಗ ಇದೆ' ಅಂತ ತೋರಿಸ್ತಾರೆ. ವಿರೋಧಿಸುವವರೂ ತಪ್ತಾರೆ, ಅದನ್ನೇ ಮತ್ತೆ 0.7ರಿಂದ ಗುಣಿಸ್ತಾರೆ. ಎರಡೂ ಬೇಡ.

ಇನ್ನು ಬಿಲ್ಡರ್ ಮಾತನ್ನೇ ಒಪ್ಪಿ, ಅರ್ಧ ಜನ ಬಸ್ಸು-ರೈಲು ಹತ್ತುತ್ತಾರೆ ಅನ್ನಿ (ಕಾರು 20%, ಬೈಕು 20%). ಆಗಲೂ 765 ಬರುತ್ತೆ. 540 ಬರಬೇಕಾದರೆ ಸಾರ್ವಜನಿಕ ಸಾರಿಗೆಗೆ ಎಷ್ಟು ಪಾಲು ಬಿಟ್ಟಿದ್ದಾರೆ, ಕೇಳಿ.

ನಡಿಗೆದಾರ

ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ. ಅರ್ಧ ಜನ ಅಂದರೆ 1,200 ಮಂದಿ. ಎಲ್ಲರೂ ಬಸ್ಸಿಗೇ ಬಂದರೆ, ಬಸ್ಸಿಗೆ 60 ಜನದಂತೆ ಗಂಟೆಗೆ 20 ಬಸ್ಸು, ಮೂರು ನಿಮಿಷಕ್ಕೊಂದು. ಆ ಬಸ್ಸು ನಿಲ್ಲೋದು ಎಲ್ಲಿ, ತಿರುಗೋದು ಎಲ್ಲಿ? ನಕ್ಷೆಯಲ್ಲಿ ಬಸ್ ಬೇ ಇಲ್ಲದಿದ್ದರೆ ಆ 50% ಬರೀ ಕಾಗದ.

1.1 ಕಿ.ಮೀ. ಎಂಬುದು ಜಾಗದ ಅಂಚಿನಿಂದ ಹಕ್ಕಿ ಹಾರಿದ ದೂರವಾ, ನಡೆಯೋ ದೂರವಾ? 62 ಎಕರೆ ಅಂದರೆ ಸುಮಾರು 25 ಹೆಕ್ಟೇರ್, ಚೌಕವಾಗಿದ್ದರೆ ಬದಿಗೆ 500 ಮೀಟರ್. ಹಿಂದಿನ ಟವರಿನ ಲಿಫ್ಟಿನಿಂದ ಪ್ಲಾಟ್‌ಫಾರ್ಮ್‌ವರೆಗೆ ಅಳೆಯಿರಿ, 1.8 ಕಿ.ಮೀ. ಬಂದರೆ ಅಲ್ಲಿಗೇ 24 ನಿಮಿಷ. ಗೇಟು ಒಂದೇ ಆಗಿದ್ದು ಅದೂ ರಸ್ತೆ ಕಡೆಗಿದ್ದರೆ, ನಿಲ್ದಾಣದ ಬಾಗಿಲು ಹಳಿಯ ಆಚೆ ಇದ್ದರೆ, ಇನ್ನೂ ಜಾಸ್ತಿ. ಕೇಂದ್ರದ 2017ರ ಟಿಒಡಿ (ನಿಲ್ದಾಣಗಳ ಸುತ್ತ ದಟ್ಟವಾಗಿ ಊರು ಬೆಳೆಸುವ) ನೀತಿಯೇ ನಿಲ್ದಾಣದ ಪ್ರಭಾವ ವಲಯವನ್ನು 500–800 ಮೀಟರ್ ಅನ್ನುತ್ತೆ. ಹಾಗಾಗಿ 'ನಿಲ್ದಾಣದ ಪಕ್ಕ' ಅನ್ನೋ ಮಾತು ಅವರದೇ ಅಂಕಿಯಲ್ಲಿ ಬಿದ್ದುಹೋಗುತ್ತೆ.

ಎರಡನೆಯದು, ನಕ್ಷೆಯ ಗೆರೆ ಬೇರೆ, ಓಡುವ ರೈಲು ಬೇರೆ. ಉಪನಗರ ರೈಲಿನ ಹೀಲಲಿಗೆ–ರಾಜಾನುಕುಂಟೆ 'ಕನಕ' ಮಾರ್ಗ ಸುಮಾರು 47 ಕಿ.ಮೀ.; 2020ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ ಯೋಜನೆ. ಅದು ಓಡುತ್ತಿದೆ ಎಂದುಕೊಂಡು ಮೊದಲ ವರ್ಷದ ಲೆಕ್ಕ ಹಾಕುವಂತಿಲ್ಲ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆದ್ದರಿಂದ ದೂರದ ಜೊತೆಗೆ ಬೆಳಗ್ಗೆ 8ರಿಂದ 10ರ ಒಳಗೆ ಎಷ್ಟು ರೈಲು, ಎಷ್ಟು ಫೀಡರ್ ಬಸ್ಸು ಅನ್ನೋ ಕೋಷ್ಟಕ ಕೇಳಿ.

ಕಡತಪ್ರಿಯ

ಅರ್ಜಿ ಎಲ್ಲಿ ಕೊಡಬೇಕು ಅನ್ನೋದು ಮುಖ್ಯ. ಫ್ಲಾಟಿಗೆ 110 ಚದರ ಮೀಟರ್ ಹಿಡಿದರೂ 2.64 ಲಕ್ಷ ಚ.ಮೀ. ಕಟ್ಟಡ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ 1.5 ಲಕ್ಷ ದಾಟಿದ್ದು 8(ಬಿ) ವರ್ಗ, ಅಂದರೆ ಮೊದಲೇ ಪರಿಸರ ಅನುಮತಿ ಬೇಕು. ಜನ ಎಡವೋದು ಇಲ್ಲೇ: ಕಟ್ಟಡ, ಟೌನ್‌ಶಿಪ್‌ಗಳಿಗೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಇದೆ. ಸಭೆ ಕರೀತಾರೆ ಅಂತ ಕಾದು ಕೂತರೆ ಅನುಮತಿ ಹೊರಟುಹೋಗಿರುತ್ತೆ. ಪರಿಸರ ಅನುಮತಿ ಅರ್ಜಿಗಳಿರುವ ಪರಿವೇಶ್ ಜಾಲತಾಣದಲ್ಲಿ ಪ್ರಸ್ತಾವದ ಸಂಖ್ಯೆ ಹುಡುಕಿ, ರಾಜ್ಯದ ತಜ್ಞರ ಸಮಿತಿ ಪರಿಶೀಲಿಸುವ ಮುಂಚೆಯೇ ಲಿಖಿತವಾಗಿ ಕಳಿಸಿ.

ಜಮೀನು ಇನ್ನೂ ಕೃಷಿ ವಲಯದಲ್ಲಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಅಡಿ ಭೂಬಳಕೆ ಬದಲಾಗಬೇಕು. ಅದಕ್ಕೆ ಪತ್ರಿಕಾ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಲೇಬೇಕು. ಬರೀ 'ಬೇಡ' ಅಂತ ಬರೆಯಬೇಡಿ, ಷರತ್ತು ಬರೆದುಕೊಡಿ: ಎರಡನೇ ಹಂತದ ವಾಸಯೋಗ್ಯ ಪ್ರಮಾಣಪತ್ರ ರಸ್ತೆ ಅಗಲೀಕರಣ ಮುಗಿದ ಮೇಲೆಯೇ ಕೊಡಬೇಕು, ನಿಲ್ದಾಣದ ಕಡೆಗೆ ಹಗಲೂ ರಾತ್ರಿ ತೆರೆದಿರುವ ಕಾಲುದಾರಿ ಬೇಕು, ನಿಯಮಕ್ಕಿಂತ ಹೆಚ್ಚಿನ ಪಾರ್ಕಿಂಗ್ ಇದ್ದರೆ ತೆಗೆಯಬೇಕು.

ಹೊಸೂರುದಾರಿ

ಎಲ್ಲರಿಗೂ ಧನ್ಯವಾದ. ಈಗಿನ ವಾಹನ ಎಣಿಕೆಯನ್ನು ಮೇ ಮೊದಲ ವಾರ ಎರಡು ದಿನ ಮಾಡಿದ್ದಾರೆ. ಪರವಾಗಿಲ್ವಾ?

ಎಣಿಕೆಮನೆ

ಮೇ ಅಂದರೆ ಶಾಲೆಗೆ ರಜೆ. ಶಾಲಾ ಬಸ್ಸು, ವ್ಯಾನು, ಮಕ್ಕಳನ್ನು ಬಿಡೋ ಬೈಕು ಒಂದೂ ಆ ಎಣಿಕೆಯಲ್ಲಿ ಇರಲ್ಲ. ಜೂನ್ ಮಧ್ಯದ ನಂತರ ಮಂಗಳ, ಬುಧ, ಗುರುವಾರ ಮಾಡಿ. ಜಂಕ್ಷನ್ ಕಾಣೋ ಮಹಡಿಯಿಂದ ಬೆಳಗ್ಗೆ 7.30ರಿಂದ 10.30ರವರೆಗೆ ಮೊಬೈಲಿನಲ್ಲಿ ವಿಡಿಯೊ ತೆಗೆದು, ಆಮೇಲೆ 15 ನಿಮಿಷಕ್ಕೊಂದು ಸಾಲಿನಂತೆ ವಾಹನದ ಬಗೆ ಬೇರೆ ಮಾಡಿ ಬರೆಯಿರಿ. ಒಟ್ಟು ಅತಿ ಹೆಚ್ಚಿರುವ ಸತತ ನಾಲ್ಕು ಸಾಲು ನಿಮ್ಮ ಪೀಕ್ ಗಂಟೆ. ಆ ಕಡೆ ಕಾರ್ಖಾನೆ ಲಾರಿಗಳು ಜಾಸ್ತಿ. ಲಾರಿ, ಬಸ್ಸಿಗೆ ಪಾಲು ನೋಡಿಕೊಂಡು 2.2ರಿಂದ 3.7 ಪಿಸಿಯು ಹಾಕಬೇಕು, ಒಂದು ಕಾರು ಅಂತ ಬರೆದುಬಿಟ್ಟರೆ ಲೆಕ್ಕ ಕೆಡುತ್ತೆ. ಬಂದ ಸಂಖ್ಯೆಗೆ 1,270 ಸೇರಿಸಿ, ಅದೇ ರಸ್ತೆಗೆ ಆಗಲೇ ಒಪ್ಪಿಗೆ ಪಡೆದ ಬೇರೆ ಲೇಔಟುಗಳ ಹೊರೆಯನ್ನೂ ಸೇರಿಸಿ, 1,200ರ ಪಕ್ಕ ಇಡಿ. ಕೋಷ್ಟಕ ಒಂದೇ ಪುಟದಲ್ಲಿರಲಿ, ವಿಡಿಯೊದ ದಿನಾಂಕ-ಸಮಯ ಕೆಳಗೆ ಬರೆದಿರಲಿ.